ಎಲ್‌ಜಿಬಿಟಿಕ್ಯೂ ರೋಗಿಗಳನ್ನು ನೋಡಿಕೊಳ್ಳಲು ಸಿಬ್ಬಂದಿಗೆ ತರಬೇತಿ: ನಿಮ್ಮ ಆಸ್ಪತ್ರೆಗೆ ಯಾವುದು ಸರಿ?

ಈಚೆಗೆ ಮೂರು ಕಡೆಯಿಂದ ನನಗೆ ಒಂದೇ ಪ್ರಶ್ನೆ ಬಂತು. ಒಬ್ಬರು ದಾವಣಗೆರೆಯಲ್ಲಿ ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುವ ಡಾಕ್ಟರು. ಇನ್ನೊಬ್ಬರು ಜಗಳೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆ. ಮೂರನೆಯವರು ಚಿತ್ರದುರ್ಗದ ನರ್ಸಿಂಗ್ ಕಾಲೇಜೊಂದರ ಪ್ರಾಂಶುಪಾಲರು. "ಮಂಗಳಮುಖಿಯರು, ಗೇ, ಲೆಸ್ಬಿಯನ್ ರೋಗಿಗಳು ಬಂದಾಗ ನಮ್ಮವರಿಗೆ ಹೇಗೆ ನಡೆದುಕೊಳ್ಳಬೇಕು ಅಂತ ಗೊತ್ತಾಗೋದಿಲ್ಲ. ತರಬೇತಿ ಕೊಡಿಸಬೇಕು ಅಂದುಕೊಂಡಿದ್ದೇವೆ. ಬೆಂಗಳೂರಿಂದ ಡಾಕ್ಟರನ್ನು ಕರೆಸೋಣವಾ? ಆನ್‌ಲೈನ್ ಕೋರ್ಸ್ ಸಾಕಾ? ಸಂಘದವರನ್ನು ಕರೆಯೋಣವಾ?"

ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ವಾರ್ಡಿನಲ್ಲಿ ಕೆಲಸ ಮಾಡಿದವಳು, ಈಗ ನರ್ಸಿಂಗ್ ಮಕ್ಕಳಿಗೆ ಪಾಠ ಹೇಳುತ್ತೇನೆ. ಈ ಎಲ್ಲ ಬಗೆಯ ತರಬೇತಿಗಳಲ್ಲೂ ಕೂತಿದ್ದೇನೆ, ಕೆಲವನ್ನು ನಡೆಸಿಯೂ ಇದ್ದೇನೆ. ಮೂವರಿಗೂ ನಾನು ಒಂದೇ ಉತ್ತರ ಕೊಡಲಿಲ್ಲ. ಯಾಕೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ನಾನೇ ಕಂಡ ಒಂದು ಘಟನೆ. ಆಸ್ಪತ್ರೆಯ ಹೆಸರು ಬೇಡ. ಸೋಮವಾರ ಬೆಳಗ್ಗೆ, ಹೊರರೋಗಿ ವಿಭಾಗ ತುಂಬಿ ತುಳುಕುತ್ತಿತ್ತು. ಹಸಿರು ಸೀರೆ ಉಟ್ಟ, ತಲೆಗೆ ಹೂ ಮುಡಿದ ಒಬ್ಬರು ಗೋಡೆಗೆ ಒರಗಿ ನಿಂತಿದ್ದರು. ಮೂತ್ರ ಕಟ್ಟಿಕೊಂಡು ಎರಡು ದಿನವಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಅಟೆಂಡರ್ ಚೀಟಿ ನೋಡಿ ಆಧಾರ್ ಕಾರ್ಡಿನಲ್ಲಿದ್ದ ಗಂಡಸಿನ ಹೆಸರನ್ನು ಜೋರಾಗಿ ಕೂಗಿದರು. ಅವರು ಒಂದು ಹೆಜ್ಜೆ ಮುಂದೆ ಬಂದರು. ಬೆಂಚಿನ ಮೇಲಿದ್ದ ಅಷ್ಟೂ ಜನ ತಿರುಗಿ ನೋಡಿದರು, ಯಾರೋ ನಕ್ಕರು. ಅವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಗೆ ಹೋಗಿಬಿಟ್ಟರು. ನಾನು ಗೇಟಿನ ತನಕ ಓಡಿದೆ, ಆಟೋ ಹೊರಟುಹೋಗಿತ್ತು.

ಒಳಗೆ ಕೂತಿದ್ದ ಡಾಕ್ಟರು ಒಳ್ಳೆಯವರು, ಚೆನ್ನಾಗಿಯೇ ನೋಡುತ್ತಿದ್ದರು. ಆದರೆ ರೋಗಿ ಅವರ ತನಕ ತಲುಪಲೇ ಇಲ್ಲ. ತರಬೇತಿ ಆರಿಸುವಾಗ ನಾನು ಮೊದಲು ನೆನಪಿಸಿಕೊಳ್ಳುವುದು ಇದನ್ನೇ.

ಯಾವುದನ್ನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮೊದಲು, ತರಬೇತಿ ಯಾರನ್ನು ಮುಟ್ಟುತ್ತದೆ? ಗೇಟಿನ ಸೆಕ್ಯುರಿಟಿ, ಚೀಟಿ ಬರೆಯುವವರು, ಆಯಾ, ಸಿಸ್ಟರ್, ಲ್ಯಾಬಿನವರು, ಔಷಧಿ ಕೊಡುವವರು, ಕೊನೆಗೆ ಡಾಕ್ಟರು. ರೋಗಿ ಇಷ್ಟು ಜನರನ್ನು ದಾಟಿಕೊಂಡು ಬರಬೇಕು. ಇವರಲ್ಲಿ ಅರ್ಧ ಜನ ಬಿಟ್ಟುಹೋಗುವ ತರಬೇತಿ ಅರ್ಧ ತರಬೇತಿ. ರಾತ್ರಿ ಪಾಳಿಯವರನ್ನು ಮರೆಯಬೇಡಿ. ಹೊಡೆತ ತಿಂದು ಬರುವವರು, ಮಾತ್ರೆ ನುಂಗಿ ಬರುವವರು ಹೆಚ್ಚಾಗಿ ಬರುವುದು ರಾತ್ರಿಯೇ.

ಎರಡನೆಯದು, ಮರುದಿನ ಬೆಳಗ್ಗೆ ಏನು ಬದಲಾಗುತ್ತದೆ? ಒಂದಾದರೂ ಪದ್ಧತಿ ಬದಲಾಗದಿದ್ದರೆ ಆ ತರಬೇತಿಯಿಂದ ರೋಗಿಗೆ ಏನೂ ಸಿಗಲಿಲ್ಲ ಅಂತಲೇ ಅರ್ಥ.

ಆಮೇಲೆ ವೈದ್ಯಕೀಯ ತಿಳಿವಳಿಕೆ. ಮರ್ಯಾದೆಯಿಂದ ಮಾತಾಡಿಸಿದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುತ್ತಿರುವವರಿಗೂ ಗರ್ಭಕಂಠ ಇದ್ದರೆ ಅದರ ಕ್ಯಾನ್ಸರ್ ತಪಾಸಣೆ ಬೇಕು. ಮಂಗಳಮುಖಿಯರಿಗೆ ಶಸ್ತ್ರಚಿಕಿತ್ಸೆ ಆದ ಮೇಲೂ ಪ್ರಾಸ್ಟೇಟ್ ಗ್ರಂಥಿ ಉಳಿದಿರುತ್ತದೆ. ನಿರ್ವಾಣ (ಗಂಡಿನ ಜನನಾಂಗ ತೆಗೆಸಿಕೊಳ್ಳುವುದು) ಮಾಡಿಸಿಕೊಂಡವರಿಗೆ ಮೂತ್ರದ ದಾರಿ ಕಿರಿದಾಗಬಹುದು, ಇದನ್ನು ಕೇಳುವುದು ಹೇಗೆ ಅಂತ ಡ್ಯೂಟಿ ಡಾಕ್ಟರಿಗೆ ಗೊತ್ತಿರಬೇಕು. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಮಾತ್ರೆಯನ್ನು ಅಂಗಡಿಯಿಂದ ತಾವೇ ತಂದು ನುಂಗುವವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಬೀಡಿ ಸಿಗರೇಟು ಸೇದುತ್ತಿದ್ದರೆ ಇನ್ನೂ ಜಾಸ್ತಿ. ಕಾಲು ಊದಿಕೊಂಡು ಬಂದರೆ ಸುಮ್ನೆ ಪೇನ್ ಕಿಲ್ಲರ್ ಕೊಟ್ಟು ಕಳಿಸಬಾರದು. ಲೆಸ್ಬಿಯನ್ ಹೆಣ್ಣುಮಕ್ಕಳಿಗೆ ಪ್ಯಾಪ್ ಪರೀಕ್ಷೆ (ಗರ್ಭಕಂಠದ ಕ್ಯಾನ್ಸರ್ ತಪಾಸಣೆ) ಬೇಡ ಅಂತ ತಿಳಿದವರೂ ಇದ್ದಾರೆ, ಅದು ತಪ್ಪು. ಗೇ ಹುಡುಗ ಜ್ವರ ಅಂತ ಬಂದ ತಕ್ಷಣ ಕೇಳದೆಯೇ ಎಚ್‌ಐವಿಗೆ ರಕ್ತ ಕಳಿಸುವುದೂ ತಪ್ಪು. ಎಚ್‌ಐವಿ ಪರೀಕ್ಷೆಗೆ ಒಪ್ಪಿಗೆ ಬೇಕೇ ಬೇಕು ಅಂತ 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ.

ಭಾಷೆಯನ್ನೂ ನೋಡಿ. ನಮ್ಮ ಆಯಾಗಳಿಗೆ, ಸೆಕ್ಯುರಿಟಿಯವರಿಗೆ ಇಂಗ್ಲಿಷ್ ಸ್ಲೈಡ್ ತೋರಿಸಿ ಪ್ರಯೋಜನವಿಲ್ಲ, ಅಲ್ವಾ?

ಇನ್ನು ಖರ್ಚು. ಇಲ್ಲಿ ದುಡ್ಡಿನ ಜೊತೆಗೆ ಡ್ಯೂಟಿಯ ಗಂಟೆಗಳನ್ನೂ ಲೆಕ್ಕ ಹಾಕಬೇಕು. ಅರವತ್ತು ಜನರನ್ನು ಮೂರು ಗಂಟೆ ಕೂರಿಸಿದರೆ 180 ಗಂಟೆ ಕೆಲಸ ನಿಂತಂತೆ. ಅದೂ ಒಂದೇ ದಿನ ಆಗುವುದಿಲ್ಲ, ಮೂರು ಪಾಳಿಗೆ ಮೂರು ಸಲ ಮಾಡಬೇಕು. ಕೊನೆಯದಾಗಿ, ಕಲಿತವರು ಕೆಲಸ ಬಿಟ್ಟುಹೋದರೆ ಏನು ಉಳಿಯುತ್ತದೆ ಅನ್ನೋದು. ನರ್ಸಿಂಗ್ ಹೋಮ್‌ಗಳಲ್ಲಿ ಹುಡುಗಿಯರು ವರ್ಷಕ್ಕೊಮ್ಮೆ ಬದಲಾಗುತ್ತಲೇ ಇರುತ್ತಾರೆ.

"ಇದೆಲ್ಲ ಕಡ್ಡಾಯವಾ ಮೇಡಂ?" ಅಂತ ಆಡಳಿತ ಮಂಡಳಿಯವರು ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧವಾಗಿ ಇಟ್ಟುಕೊಳ್ಳಿ. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಲಿಂಗತ್ವ ಅಲ್ಪಸಂಖ್ಯಾತರಿಗೆ ಆಸ್ಪತ್ರೆಗಳಲ್ಲಿ ಸರಿಯಾದ ಚಿಕಿತ್ಸೆ ಸಿಗುವಂತೆ ಮಾಡಿ ಅಂತ ಸರ್ಕಾರಗಳಿಗೆ ಹೇಳಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಲಿಂಗ, ಲೈಂಗಿಕ ಒಲವು ನೋಡಿ ಭೇದ ಮಾಡಬಾರದು ಅನ್ನುತ್ತದೆ. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲ ಅಂತ ತೀರ್ಪಾಯಿತು. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಆರೋಗ್ಯ ಸೇವೆಯಲ್ಲಿ ತಾರತಮ್ಯವನ್ನು ನಿಷೇಧಿಸಿದೆ. ಸಲಿಂಗ ಒಲವನ್ನು "ಸರಿಮಾಡುತ್ತೇನೆ" ಅಂತ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟರೆ ಸಾಕು.

ತಜ್ಞ ವೈದ್ಯರ ಉಪನ್ಯಾಸ

ಎಲ್ಲರೂ ಮೊದಲು ಯೋಚಿಸುವುದು ಇದನ್ನೇ. ಏರ್ಪಾಡು ಸುಲಭ. ಒಂದು ಹಾಲ್, ಪ್ರೊಜೆಕ್ಟರ್, ಮಧ್ಯಾಹ್ನದ ಊಟ. ದಾವಣಗೆರೆ ಮೆಡಿಕಲ್ ಕಾಲೇಜುಗಳ ಊರು, ಆದ್ದರಿಂದ ಬೆಂಗಳೂರಿಂದಲೇ ಕರೆಸಬೇಕು ಅಂತೇನಿಲ್ಲ. ಮನೋವೈದ್ಯರು, ಚರ್ಮರೋಗ ತಜ್ಞರು, ಎಂಡೋಕ್ರೈನ್ (ಹಾರ್ಮೋನ್) ತಜ್ಞರು ಇಲ್ಲೇ ಸಿಗುತ್ತಾರೆ.

ಹಾರ್ಮೋನ್, ಲ್ಯಾಬ್ ವರದಿ ಓದುವುದು, ಖಿನ್ನತೆ, ಎಚ್‌ಐವಿ ತಡೆ, ಇವೆಲ್ಲಕ್ಕೂ ಉಪನ್ಯಾಸ ಚೆನ್ನಾಗಿ ಹೊಂದುತ್ತದೆ. ಡಾಕ್ಟರು ಹೇಳಿದರೆ ಡಾಕ್ಟರು ಕೇಳುತ್ತಾರೆ, ಅದೂ ನಿಜ. ಆದರೆ ಅಟೆಂಡರ್‌ಗಳು ಹಿಂದಿನ ಸಾಲಿನಲ್ಲಿ ಕೂತು ಫೋನ್ ನೋಡುತ್ತಾರೆ. ಅದು ಅವರ ತಪ್ಪಲ್ಲ. ಅಲ್ಲಿ ಅವರಿಗೆ ಬೇಕಾದ ಮಾತು ಒಂದೂ ಇರುವುದಿಲ್ಲ.

ಕರೆಸುವ ಮೊದಲು ಸ್ಲೈಡ್‌ಗಳನ್ನು ಒಮ್ಮೆ ನೋಡಿ. ಹಳೆಯ ಫೊರೆನ್ಸಿಕ್ ಪುಸ್ತಕದಲ್ಲಿ ಕಲಿತದ್ದನ್ನೇ ಇನ್ನೂ ಹೇಳುವವರಿದ್ದಾರೆ. ಈ ಸಮುದಾಯಗಳನ್ನು ಕೀಳಾಗಿ ಬಿಂಬಿಸುವ ಪಾಠ ಬೇಡ ಅಂತ ವೈದ್ಯಕೀಯ ಆಯೋಗ 2021ರಲ್ಲೇ ಕಾಲೇಜುಗಳಿಗೆ ತಿಳಿಸಿತ್ತು. ಆದರೂ 2024ರ ಆಗಸ್ಟ್ ಕೊನೆಗೆ ಬಂದ ಪಠ್ಯಕ್ರಮದಲ್ಲಿ ಲೆಸ್ಬಿಯನ್ ಸಂಬಂಧ ಮತ್ತೆ ಅಪರಾಧಗಳ ಪಟ್ಟಿಗೆ ಸೇರಿಕೊಂಡಿತ್ತು. ಆಕ್ಷೇಪ ಬಂದ ಮೇಲೆ ಸೆಪ್ಟೆಂಬರ್‌ನಲ್ಲಿ ಹಿಂದಕ್ಕೆ ಪಡೆದರು. ಹೀಗಿರುವಾಗ ಒಬ್ಬ ಉಪನ್ಯಾಸಕರ ತಲೆಯಲ್ಲಿ ಹಳೆಯದು ಉಳಿದಿದ್ದರೆ ಆಶ್ಚರ್ಯವೇನಿಲ್ಲ. ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಸಮುದಾಯದವರೇ ಬಂದು ನಡೆಸುವ ತರಬೇತಿ

ನನ್ನ ಅನುಭವದಲ್ಲಿ ಚೀಟಿ ಕೌಂಟರ್ ಬದಲಾಗುವುದು ಇದರಿಂದ. ಮಂಗಳಮುಖಿಯರು, ಯಲ್ಲಮ್ಮನಿಗೆ ಮುಡಿಪಾದ ಜೋಗತಿಯರು, ಗೇ ಮತ್ತು ಲೆಸ್ಬಿಯನ್ ಯುವಕ ಯುವತಿಯರು ತಮ್ಮ ಅನುಭವ ತಾವೇ ಹೇಳುತ್ತಾರೆ. ಆಮೇಲೆ ಸಿಬ್ಬಂದಿ ಜೊತೆ ಕೂತು ಅಭ್ಯಾಸ ಮಾಡಿಸುತ್ತಾರೆ. ಅರ್ಧ ದಿನ ಬೇಕು, ಇಪ್ಪತ್ತೈದು ಜನಕ್ಕಿಂತ ಜಾಸ್ತಿ ಬೇಡ.

ನಮ್ಮ ಕಡೆ ಇದಕ್ಕೆ ಇನ್ನೊಂದು ಅನುಕೂಲವೂ ಇದೆ. ಮಂಗಳವಾರ, ಶುಕ್ರವಾರ ಪಡಲಿಗೆ ಹಿಡಿದು ಮನೆ ಬಾಗಿಲಿಗೆ ಬಂದ ಜೋಗತಿಗೆ ನಮ್ಮ ಸಿಬ್ಬಂದಿಯಲ್ಲೇ ಎಷ್ಟೋ ಜನ ಅಕ್ಕಿ ನೀಡಿ ಕಾಲಿಗೆ ನಮಸ್ಕಾರ ಮಾಡುತ್ತಾರೆ. ಅದೇ ಜೋಗತಿ ಇಂಜೆಕ್ಷನ್ ರೂಮಿಗೆ ಬಂದರೆ ಸ್ಟೂಲ್ ದೂರ ಸರಿಯುತ್ತದೆ. ಒಂದು ತರಬೇತಿಯಲ್ಲಿ ಬಂದಿದ್ದ ಒಬ್ಬ ಜೋಗಮ್ಮ ಇದನ್ನೇ ಕೇಳಿದರು. "ನಿಮ್ಮ ಮನ್ಯಾಗ ನಾನು ಯಲ್ಲಮ್ಮ ಆಗ್ತೀನಿ, ಇಲ್ಲಿಗೆ ಬಂದ್ರ ಯಾಕವ್ವಾ ಏನೂ ಅಲ್ದಂಗ ಆಗ್ತೀನಿ?" ಯಾರೂ ಮಾತಾಡಲಿಲ್ಲ. ಮಂಜಮ್ಮ ಜೋಗತಿ ಅವರು ಜಾನಪದ ಅಕಾಡೆಮಿ ಅಧ್ಯಕ್ಷರಾಗಿದ್ದು, 2021ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ನಮ್ಮ ಆಯಾಗಳಿಗೂ ಗೊತ್ತು. ಗೌರವ ಅವರ ಮನಸ್ಸಿನಲ್ಲಿ ಆಗಲೇ ಇದೆ, ಅದನ್ನು ಆಸ್ಪತ್ರೆ ಒಳಗೆ ತರಬೇಕು ಅಷ್ಟೆ.

ಅದೇ ದಿನ ಪಾತ್ರ ಮಾಡಿಸಿದೆವು. ಬಹಳ ವರ್ಷಗಳಿಂದ ರೋಗಿಗಳ ಹೆಸರು ಕೂಗುತ್ತಿದ್ದ ಒಬ್ಬ ಅಟೆಂಡರ್ ಅಕ್ಕನನ್ನು ರೋಗಿಯ ಜಾಗದಲ್ಲಿ ನಿಲ್ಲಿಸಿದೆವು. ಎಲ್ಲರ ಮುಂದೆ ಅವರನ್ನು ಒಂದು ಗಂಡಸಿನ ಹೆಸರಿಂದ ಮೂರು ಸಲ ಕೂಗಿದೆವು. ಮೊದಲ ಸಲ ನಕ್ಕರು. ಎರಡನೇ ಸಲ ಸೆರಗು ಸರಿಮಾಡಿಕೊಂಡರು. ಮೂರನೇ ಸಲಕ್ಕೆ ಅವರ ಮುಖ ಇಳಿದುಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಅಂದರು: "ಮೇಡಂ, ಹಂಗಾದ್ರೆ ನಾಳೆಯಿಂದ ನಾನು ನಂಬರ್ ಕೂಗ್ತೀನಿ. ಹೆಸರು ಯಾಕೆ ಬೇಕು?" ಮರುದಿನದಿಂದ ಆ ವಿಭಾಗದಲ್ಲಿ ಎಲ್ಲ ರೋಗಿಗಳಿಗೂ ಟೋಕನ್ ನಂಬರೇ. ಒಂದು ಪೈಸೆ ಖರ್ಚಾಗಲಿಲ್ಲ. ಇಂಥ ಪರಿಹಾರ ಯಾವ ಸ್ಲೈಡಿನಲ್ಲೂ ಇರಲಿಲ್ಲ.

ಕೊರತೆಗಳೂ ಇವೆ. ವೈದ್ಯಕೀಯ ವಿಷಯ ಇಲ್ಲಿ ಕಡಿಮೆ ಸಿಗುತ್ತದೆ. ಬಂದವರೆಲ್ಲ ಮಂಗಳಮುಖಿಯರೇ ಆದರೆ, ಮದುವೆಗೆ ಒತ್ತಾಯ ಎದುರಿಸುವ ಲೆಸ್ಬಿಯನ್ ಹುಡುಗಿ, ಹೆಂಡತಿ ಮಕ್ಕಳಿರುವ ಗೇ ಗಂಡಸು, ಗಂಡಾಗಿ ಬದುಕುವ ಟ್ರಾನ್ಸ್ ಪುರುಷ, ಇವರ ಮಾತು ಬರುವುದೇ ಇಲ್ಲ. ಇವರು ನೋಡಿದರೆ ಗೊತ್ತಾಗುವವರಲ್ಲ, ಆದ್ದರಿಂದ ಸಿಬ್ಬಂದಿ "ನಮ್ಮಲ್ಲಿಗೆ ಅಂಥವರು ಬರೋದೇ ಇಲ್ಲ" ಅಂದುಕೊಂಡಿರುತ್ತಾರೆ. ಕರೆಯುವಾಗಲೇ ಬೇರೆ ಬೇರೆಯವರು ಇರಲಿ ಅಂತ ಕೇಳಿ. ಊರಲ್ಲಿ ಮುಖ ತೋರಿಸಲು ಆಗದವರು ತಮ್ಮ ಅನುಭವವನ್ನು ಬರೆದು ಕಳಿಸಬಹುದು, ಇಲ್ಲವೇ ಧ್ವನಿ ಮುದ್ರಿಸಿ ಕಳಿಸಬಹುದು. ಫೋಟೊ, ವಿಡಿಯೊ ಬೇಡ ಅಂತ ಮೊದಲೇ ಎಲ್ಲರಿಗೂ ಹೇಳಿಬಿಡಿ.

ಬರುವವರನ್ನು ಕಾಪಾಡುವುದೂ ನಿಮ್ಮ ಕೆಲಸ. "ಆಪರೇಷನ್ ಆಗಿದ್ಯಾ?" ಅಂತ ಸಭೆಯಲ್ಲಿ ಕೇಳುವವರು ಒಬ್ಬರಾದರೂ ಇರುತ್ತಾರೆ. ಆ ಪ್ರಶ್ನೆಯನ್ನು ನಡೆಸುವವರು ಅಲ್ಲೇ ತಡೆಯಬೇಕು, ಬಂದವರ ಮೇಲೆ ಬಿಡಬಾರದು. ಗೌರವಧನದ ವಿಷಯದಲ್ಲಿ ನನ್ನದು ಒಂದೇ ಹಟ. ತಜ್ಞ ವೈದ್ಯರಿಗೆ ಎಷ್ಟು ಕೊಡುತ್ತೀರೋ ಇವರಿಗೂ ಅಷ್ಟೇ ಕೊಡಿ. ಅವರೂ ಪಾಠ ಹೇಳಲು ಬಂದವರೇ.

ಎಲ್ಲಿ ಹುಡುಕುವುದು ಅಂತ ಕೇಳುತ್ತಾರೆ. ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಯ ಜೊತೆ ಕೆಲಸ ಮಾಡುವ ಸಮುದಾಯ ಸಂಘಗಳ ಬಗ್ಗೆ ಜಿಲ್ಲಾ ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಸಮಾಲೋಚನೆ, ಪರೀಕ್ಷಾ ಕೇಂದ್ರ) ಆಪ್ತಸಮಾಲೋಚಕರಿಗೆ ಗೊತ್ತಿರುತ್ತದೆ. ಅಲ್ಲಿಂದ ಶುರುಮಾಡಿ. ಬೆಂಗಳೂರಿನ ಸಂಗಮ, ಒಂದೆಡೆಯಂಥ ಸಂಸ್ಥೆಗಳು ಈ ಹಕ್ಕುಗಳ ವಿಷಯದಲ್ಲಿ ವರ್ಷಗಳಿಂದ ಕೆಲಸ ಮಾಡಿವೆ, ಅವರನ್ನೂ ಕೇಳಿ ನೋಡಬಹುದು.

ಆನ್‌ಲೈನ್ ಕೋರ್ಸ್

ಖರ್ಚು ಕಡಿಮೆ, ಬೇಕಾದಾಗ ನೋಡಬಹುದು, ರಾತ್ರಿ ಪಾಳಿಯವರಿಗೂ ಸಿಗುತ್ತದೆ. ವೈದ್ಯರಿಗೆ, ಬಿಎಸ್ಸಿ ನರ್ಸಿಂಗ್ ಮಾಡಿದವರಿಗೆ ಮೊದಲ ಓದಾಗಿ ಪರವಾಗಿಲ್ಲ. ಆದರೆ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಉದಾಹರಣೆಗಳು ಹೊರದೇಶದವು. ಇನ್‌ಶೂರೆನ್ಸ್ ಫಾರಂ, ಅಲ್ಲಿನ ಸರ್ವನಾಮಗಳ ಚರ್ಚೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕನ್ನಡದಲ್ಲಿ ನಮಗೆ "ನೀವು", "ಅವರು", "ಬನ್ನಿ", "ಕೂತ್ಕೊಳ್ಳಿ" ಇದೆ. ಈ ಬಹುವಚನ ಗಂಡು ಹೆಣ್ಣು ಕೇಳುವುದಿಲ್ಲ, ಮರ್ಯಾದೆಯೂ ಅದರಲ್ಲೇ ಇದೆ. ಯಾವ ಕೋರ್ಸೂ ಇದನ್ನು ಹೇಳಿಕೊಟ್ಟದ್ದನ್ನು ನಾನು ನೋಡಿಲ್ಲ. ಬರೀ ಸರ್ಟಿಫಿಕೇಟ್ ಫೈಲಿಗೆ ಸೇರಿಸಲು ಆನ್‌ಲೈನ್ ಆರಿಸಬೇಡಿ.

ಒಬ್ಬಿಬ್ಬರನ್ನು ದೊಡ್ಡ ತರಬೇತಿಗೆ ಕಳಿಸುವುದು

ಒಬ್ಬ ಆಪ್ತಸಮಾಲೋಚಕರನ್ನೋ ಹಿರಿಯ ಸಿಸ್ಟರನ್ನೋ ಆರಿಸಿ, ಆಳವಾದ ಕೋರ್ಸಿಗೆ ಕಳಿಸಿ, ಅವರು ಬಂದು ಉಳಿದವರಿಗೆ ಕಲಿಸುವುದು. ಮಾನಸಿಕ ಆರೋಗ್ಯ ಕ್ಷೇತ್ರದವರಿಗೆ ಮುಂಬೈನ ಮರಿವಾಲಾ ಹೆಲ್ತ್ ಇನಿಶಿಯೇಟಿವ್ ನಡೆಸುವ ಕ್ವೀರ್ ಅಫರ್ಮೇಟಿವ್ ಕೌನ್ಸೆಲಿಂಗ್ (ಈ ಸಮುದಾಯದವರನ್ನು ಅವರಿದ್ದ ಹಾಗೇ ಒಪ್ಪಿ ಮಾಡುವ ಆಪ್ತಸಮಾಲೋಚನೆ) ಕೋರ್ಸ್ ಹೆಸರು ಮಾಡಿದೆ. ಅದನ್ನು ಕಲಿಸುವವರಲ್ಲಿ ಸಮುದಾಯದವರೇ ಇದ್ದಾರೆ ಅನ್ನೋದು ನನಗೆ ಮುಖ್ಯ.

ಆತ್ಮಹತ್ಯೆಗೆ ಯತ್ನಿಸಿ ಬಂದ ಹುಡುಗನ ಜೊತೆ, ಮಗಳನ್ನು "ಸರಿಮಾಡಿಕೊಡಿ" ಅಂತ ಎಳೆದು ತಂದ ತಂದೆತಾಯಿ ಜೊತೆ ಮಾತಾಡಲು ಅರ್ಧ ದಿನದ ತರಬೇತಿ ಸಾಲದು. ಅದಕ್ಕೆ ಇಂಥವರು ಬೇಕು. ಆದರೆ ದುಡ್ಡೂ ಸಮಯವೂ ಜಾಸ್ತಿ, ಮತ್ತು ಎಲ್ಲವೂ ಒಬ್ಬರ ಮೇಲೆ ನಿಲ್ಲುತ್ತದೆ. ಅವರಿಗೆ ವರ್ಗಾವಣೆ ಆದರೆ? ಜೊತೆಗೆ, "ಅಂಥ ಕೇಸು ಬಂದ್ರೆ ಆ ಸಿಸ್ಟರ್ ಹತ್ರ ಕಳಿಸು" ಅಂತ ಉಳಿದವರು ಕೈತೊಳೆದುಕೊಳ್ಳುವ ಅಭ್ಯಾಸವೂ ಬೆಳೆಯುತ್ತದೆ. ಇದನ್ನು ಕಣ್ಣಾರೆ ಕಂಡಿದ್ದೇನೆ.

ಪಾಳಿ ಬದಲಾಗುವಾಗ ಕಾಲು ಗಂಟೆ

ವಾರಕ್ಕೊಮ್ಮೆ, ಹ್ಯಾಂಡ್‌ಓವರ್ ಮುಗಿದ ಮೇಲೆ, ನಿಂತಲ್ಲೇ ಹದಿನೈದು ನಿಮಿಷ. ಒಂದು ವಾರಕ್ಕೆ ಒಂದೇ ವಿಷಯ. ಹೆಸರು ಕೇಳುವುದು ಹೇಗೆ. ಯಾವ ವಾರ್ಡಿನಲ್ಲಿ ಹಾಸಿಗೆ ಬೇಕು ಅಂತ ರೋಗಿಯನ್ನೇ ಕೇಳುವುದು. ಬಟ್ಟೆ ತೆಗೆಸಿ ಪರೀಕ್ಷಿಸುವಾಗ ಪರದೆ, ಜೊತೆಗೆ ಯಾರಿರಬೇಕು. ಜೊತೆಗೆ ಬಂದವರನ್ನು "ಇವರು ನಿಮಗೆ ಏನಾಗಬೇಕು?" ಅಂತ ಕೊಂಕಿಲ್ಲದೆ ಕೇಳುವುದು. ರೋಗಿಯ ವಿಷಯ ಕ್ಯಾಂಟೀನಿನಲ್ಲಿ ಮಾತಾಡದೇ ಇರುವುದು. ಹತ್ತಿರದ ಸಂಬಂಧಿಕರು ಇಲ್ಲದಾಗ ಶವವನ್ನು ಸಂಗಾತಿ ಕೇಳಿ ಪಡೆಯಲು ಅವಕಾಶ ಕೊಡುವ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ 2024ರಲ್ಲಿ ರಾಜ್ಯಗಳಿಗೆ ಬರೆದಿದೆ. ಅದಕ್ಕೂ ಒಂದು ವಾರ ಇಡಿ.

ಎಂಟು ವಾರಕ್ಕೆ ಒಬ್ಬರಿಗೆ ಎರಡು ಗಂಟೆ ಆಯಿತು. ಅರವತ್ತು ಜನಕ್ಕೆ 120 ಗಂಟೆ. ಮೂರು ಗಂಟೆಯ ಒಂದು ಉಪನ್ಯಾಸಕ್ಕಿಂತ ಕಡಿಮೆ, ಯಾವ ವಿಭಾಗವನ್ನೂ ಮುಚ್ಚುವ ಹಾಗಿಲ್ಲ, ರಾತ್ರಿ ಪಾಳಿಯೂ ಸೇರುತ್ತದೆ, ಹೊಸಬರು ಬಂದರೆ ಮತ್ತೆ ಒಂದನೇ ವಾರದಿಂದ ಶುರು. ಆದರೆ ನಡೆಸುವವರಿಗೆ ವಿಷಯ ಗೊತ್ತಿರಬೇಕು. ಇಲ್ಲದಿದ್ದರೆ ನಾಲ್ಕನೇ ವಾರಕ್ಕೆ ಅದು ಸಹಿ ಹಾಕುವ ರಿಜಿಸ್ಟರ್ ಆಗಿ ಉಳಿಯುತ್ತದೆ.

ಯಾರಿಗೆ ಏನು ಹೇಳಿದೆ

ನರ್ಸಿಂಗ್ ಹೋಮ್ ಡಾಕ್ಟರಿಗೆ: ಸಮುದಾಯದವರ ಅರ್ಧ ದಿನದ ತರಬೇತಿ ಎರಡು ಸಲ ಮಾಡಿಸಿ, ಎರಡು ಗುಂಪಿಗೆ. ಆಮೇಲೆ ಎಂಟು ವಾರ ಕಾಲು ಗಂಟೆಯದು. ಉಪನ್ಯಾಸಕ್ಕೆ ಈ ವರ್ಷ ದುಡ್ಡು ಹಾಕಬೇಡಿ. ನಿಮ್ಮಲ್ಲಿರುವುದು ಮೂರು ಜನ ಡಾಕ್ಟರು, ವೈದ್ಯಕೀಯ ಭಾಗವನ್ನು ಅವರು ಆನ್‌ಲೈನಿನಲ್ಲೇ ಓದಿಕೊಳ್ಳಬಹುದು.

ಜಗಳೂರು ಕಡೆಯ ವೈದ್ಯೆಗೆ ದುಡ್ಡೇ ಇಲ್ಲ, ಸಿಬ್ಬಂದಿ ಹತ್ತು ಹನ್ನೆರಡು ಜನ. ಅವರಿಗೆ ಹೇಳಿದ್ದು, ಆಶಾ ಕಾರ್ಯಕರ್ತೆಯರ ತಿಂಗಳ ಸಭೆಯಲ್ಲಿ ಒಂದು ಗಂಟೆ ತೆಗೆದಿಡಿ. ಗೌರವಧನಕ್ಕೆ, ಬಸ್ ಚಾರ್ಜಿಗೆ ಆರೋಗ್ಯ ರಕ್ಷಾ ಸಮಿತಿಯಲ್ಲಿ ವಿಷಯ ಇಟ್ಟು ಕೇಳಿ. ಹಳ್ಳಿಯಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಗುಟ್ಟು ಕಾಯುವುದು. ಆಶಾ ಅಕ್ಕ ಅದೇ ಓಣಿಯವರು. ಅವರ ಬಾಯಿಂದ ಒಂದು ಮಾತು ಹೊರಬಿದ್ದರೆ ಆ ಹುಡುಗ ಮತ್ತೆ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರನ್ನು ಗೋಡೆಗೆ ಅಂಟಿಸಿ, ಅಲ್ಲಿ ಕನ್ನಡದಲ್ಲಿ ಮಾತಾಡಬಹುದು.

ಪ್ರಾಂಶುಪಾಲರಿಗೆ ಹೇಳಿದ್ದು ಬೇರೆ. ನಿಮ್ಮ ಬಳಿ ಸಮಯ ಇದೆ, ಮೂರು ನಾಲ್ಕು ವರ್ಷ ಕೈಯಲ್ಲಿರುವ ಮಕ್ಕಳಿದ್ದಾರೆ. ಒಬ್ಬ ಬೋಧಕಿಯನ್ನು ದೊಡ್ಡ ಕೋರ್ಸಿಗೆ ಕಳಿಸಿ, ಅವರು ಪ್ರತಿ ಬ್ಯಾಚಿಗೂ ಕಲಿಸಲಿ. ಸಮುದಾಯದವರನ್ನು ವರ್ಷಕ್ಕೆರಡು ಸಲ ಕರೆಸಿ. ಆ ತರಗತಿಯಲ್ಲೇ ಇಂಥ ವಿದ್ಯಾರ್ಥಿಗಳು ಕೂತಿರುತ್ತಾರೆ, ಬೋಧಕಿಗೆ ಅದು ನೆನಪಿರಲಿ.

ದೊಡ್ಡ ಬೋಧನಾ ಆಸ್ಪತ್ರೆಗಳವರು ಕೇಳಿದರೆ, ಐದರಲ್ಲಿ ಆನ್‌ಲೈನ್ ಬಿಟ್ಟು ಉಳಿದ ನಾಲ್ಕೂ ಬೇಕು ಅನ್ನುತ್ತೇನೆ. ಆದರೆ ಕ್ರಮ ಮುಖ್ಯ. ಮೊದಲು ಸಮುದಾಯದವರು, ಆಮೇಲೆ ತಜ್ಞರು. ರೋಗಿಯ ಮಾತು ಕೇಳಿದ ಮೇಲೆ ಡಾಕ್ಟರ ಸ್ಲೈಡ್ ಬೇರೆಯೇ ಆಗಿ ಅರ್ಥವಾಗುತ್ತದೆ.

ದಿನ ಗೊತ್ತುಮಾಡುವಾಗ ದುಗ್ಗಮ್ಮನ ಜಾತ್ರೆ ವಾರ, ಮಳೆಗಾಲದ ಡೆಂಗಿ ತಿಂಗಳುಗಳು ಬೇಡ, ಸಿಬ್ಬಂದಿ ಸಿಗುವುದಿಲ್ಲ. ತರಬೇತಿ ಮುಗಿದು ಮೂರು ತಿಂಗಳಾದ ಮೇಲೆ ಪರೀಕ್ಷೆ ಪೇಪರ್ ಕೊಡಬೇಡಿ. ಸೋಮವಾರ ಬೆಳಗ್ಗೆ ಚೀಟಿ ಕೌಂಟರ್ ಪಕ್ಕ ಅರ್ಧ ಗಂಟೆ ನಿಂತು ಕೇಳಿಸಿಕೊಳ್ಳಿ. ಹೆಸರು ಕೂಗುತ್ತಿದ್ದಾರಾ, ನಂಬರ್ ಕೂಗುತ್ತಿದ್ದಾರಾ? ತರಬೇತಿಗೆ ಬಂದಿದ್ದ ಸಂಘದವರಿಗೂ ಒಂದು ಫೋನ್ ಮಾಡಿ, ನಿಮ್ಮವರು ಈಗ ನಮ್ಮಲ್ಲಿಗೆ ಬರುತ್ತಿದ್ದಾರಾ ಅಂತ ಕೇಳಿ. ಅವರು ಹೇಳಿದ್ದನ್ನು ಬರೆದುಕೊಂಡು ಮುಂದಿನ ವಾರದ ಕಾಲು ಗಂಟೆಗೆ ಅದನ್ನೇ ವಿಷಯ ಮಾಡಿ.